ಬೊಂಬೆಯ ಪರಿಚಯ ಪತ್ರ

ಚನ್ನಪಟ್ಟಣದ ಬೊಂಬೆಯನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರು ಮೊದಲು ಓದುವುದು ಅದರ ಪರಿಚಯವನ್ನು. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬ ಐತಿಹ್ಯ, ಹಾಲೆ ಮರ, ಅರಗಿನ ಬಣ್ಣ. ಅಪರೂಪಕ್ಕೆ ಬಾವಾಸ್ ಮಿಯಾನರ ಹೆಸರು. ಹಾರೋಹಳ್ಳಿಯಲ್ಲಿ ಕುಳಿತು ಇಂಥ ಹಲವು ಬರಹಗಳನ್ನು ಓದಿದ ನಮಗೆ ಕಂಡದ್ದಿಷ್ಟು: ಎಲ್ಲವೂ ಭೂತಕಾಲದಲ್ಲೇ ನಿಂತುಬಿಡುತ್ತವೆ. ಇಂದು ಲೇತಿನ ಮುಂದೆ ಕುಳಿತವರು ಯಾರು, ಅವರ ಕೈಗೆ ಬರುವುದೆಷ್ಟು ಎಂಬ ಮಾತೇ ಇಲ್ಲ.

ಪೆಟ್ಟಿಗೆಗೆ ಅಂಟಿಸುವ ಸುಂಕದ ಚೀಟಿ ಇದಕ್ಕಿಂತ ಪ್ರಾಮಾಣಿಕ ಬರಹ. ಮರದ ಆಟಿಕೆ, ಇಷ್ಟು ತೂಕ, ಇಷ್ಟು ಬೆಲೆ, ತಯಾರಾದ ದೇಶ ಭಾರತ. ಅಲಂಕಾರವಿಲ್ಲ. ಗಡಿಯಲ್ಲಿ ಬೊಂಬೆಯ ಹಣೆಬರಹ ನಿರ್ಧರಿಸುವುದೂ ಅದೇ. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆ ಅತ್ತ ಪಾರ್ಸೆಲ್ ಕಳಿಸುವುದನ್ನೇ ನಿಲ್ಲಿಸಿತು. ಮತ್ತೆ ಆರಂಭಿಸಿದ್ದು ಅಕ್ಟೋಬರ್ 15ಕ್ಕೆ. ದೊಡ್ಡ ರಫ್ತುದಾರ ಖಾಸಗಿ ಕೊರಿಯರ್ ಹಿಡಿಯಬಲ್ಲ. ನಾಲ್ಕು ಬೊಂಬೆ ಕಳಿಸುವ ಮನೆಯವರು ಆ ದಿನಗಳಲ್ಲಿ ಏನು ಮಾಡಬೇಕಿತ್ತು?

ಪರಿಚಯ ಬರೆಯುವ ಮಿತ್ರರು ಸುಲ್ತಾನರ ಸಾಲಿನ ಕೆಳಗೆ ಬೊಂಬೆ ಕಡೆದವರ ಹೆಸರಿಗೂ ಒಂದು ಸಾಲು ಬಿಡಲಿ. ಸುಂಕದ ಚೀಟಿಯಲ್ಲಂತೂ ಅದಕ್ಕೆ ಜಾಗವಿಲ್ಲ.