ಯಶೋಧರನ ಮೌನ: ಜನ್ನನ ಕಾವ್ಯದಲ್ಲಿ ಪೀಡಿತ ಪತಿ

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಹಿಂಸೆಯ ಸ್ವರೂಪವನ್ನು ಶೋಧಿಸುವ ಕಾವ್ಯವೆಂಬುದು ಸರ್ವವಿದಿತ. ಹಿಟ್ಟಿನ ಕೋಳಿಯ ಬಲಿಯಲ್ಲಿ ಅಡಗಿರುವ ಸಂಕಲ್ಪಹಿಂಸೆ, ಅದರ ಫಲವಾದ ಭವಾವಳಿ, ಅಮೃತಮತಿ-ಅಷ್ಟಾವಂಕರ ಸಂಬಂಧದ ನಿಗೂಢತೆ ಇವು ವಿಮರ್ಶೆಯ ಪ್ರಧಾನ ನೆಲೆಗಳಾಗಿವೆ. ಪತ್ನಿ ವಿಷವಿಕ್ಕಿ ಪತಿಯನ್ನು ಕೊಲ್ಲುವ ಕ್ರೌರ್ಯ ಕಾವ್ಯದ ನಡುವೆಯೇ ಇದ್ದರೂ, ಅದಕ್ಕೆ ಈಡಾದವನ ನೋವು ಈ ಚರ್ಚೆಗಳ ಅಂಚಿನಲ್ಲಿ ಉಳಿದಿದೆ.

ಯಶೋಧರನ ನೋವಿನ ಮುಖ್ಯ ಲಕ್ಷಣ ಮೌನ. ರಾತ್ರಿ ರಾಣಿಯನ್ನು ಹಿಂಬಾಲಿಸಿ ಎಲ್ಲವನ್ನೂ ಕಣ್ಣಾರೆ ಕಂಡ ಅರಸ ಕತ್ತಿಯನ್ನು ಹಿರಿದರೂ ತನ್ನನ್ನು ತಡೆದುಕೊಳ್ಳುತ್ತಾನೆ. ಬಳಿಕ ಅವಳನ್ನು ನೈದಿಲೆಯಿಂದ ಹೊಡೆದು ವ್ಯಂಗ್ಯವಾಡುತ್ತಾನೆಯೇ ಹೊರತು ನೇರವಾಗಿ ಪ್ರಶ್ನಿಸುವುದಿಲ್ಲ. ಬಾಡಿದ ಮುಖವನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳಿದಾಗಲೂ ಕಂಡ ಸತ್ಯವನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ನೆಲವನ್ನಾಳುವವನಿಗೆ ಅಂತಃಪುರದ ಅವಮಾನವನ್ನು ಹೆತ್ತ ತಾಯಿಯ ಮುಂದೆಯೂ ನುಡಿಯಲಾಗುವುದಿಲ್ಲ.

ಕಥೆಯ ಕಾರ್ಯಕಾರಣ ಸರಣಿ ಇಲ್ಲಿಂದಲೇ ಆರಂಭವಾಗುತ್ತದೆಂಬುದು ಗಮನಾರ್ಹ. ಕನಸಿನ ಶಾಂತಿಗಾಗಿ ತಾಯಿ ಬಲಿಯನ್ನು ಸೂಚಿಸುತ್ತಾಳೆ. ಜೀವಬಲಿಗೆ ಒಪ್ಪದ ಮಗ ಹಿಟ್ಟಿನ ಕೋಳಿಗೆ ಸಮ್ಮತಿಸುತ್ತಾನೆ. ಸತ್ಯವನ್ನು ನುಡಿದಿದ್ದರೆ ಕನಸಿಲ್ಲ, ಕನಸಿಲ್ಲದಿದ್ದರೆ ಈ ಬಲಿಯೂ ಇಲ್ಲ. ಕಾವ್ಯ ಬಲಿಯನ್ನು ಪಾಪವೆಂದು ಎತ್ತಿ ತೋರಿಸುತ್ತದೆ. ಆ ಪಾಪಕ್ಕೆ ದಾರಿಮಾಡಿದ ನಾಚಿಕೆಯನ್ನು ಮಾತ್ರ ಹೆಸರಿಸದೆ ಬಿಡುತ್ತದೆ.

ನಿರೂಪಣೆಯ ವಿನ್ಯಾಸವೂ ಇದನ್ನೇ ಸೂಚಿಸುತ್ತದೆ. ಚಂಡಮಾರಿಯ ಗುಡಿಯಲ್ಲಿ ಮಾರಿದತ್ತನಿಗೆ ಕಥೆ ಹೇಳುವ ಅಭಯರುಚಿ ಪೂರ್ವಜನ್ಮದಲ್ಲಿ ಯಶೋಧರನೇ. ಪೀಡಿತನಿಗೆ ಕೇಳುವ ಕಿವಿಯೊಂದು ದೊರೆಯುವುದು ಹಲವು ಪ್ರಾಣಿಜನ್ಮಗಳನ್ನು ದಾಟಿದ ಮೇಲೆ. ಆಗಲೂ ಅವನ ಮಾತು ದೂರಿನ ರೂಪ ತಾಳದೆ ಸ್ವಂತ ಕರ್ಮದ ವಿವರಣೆಯಾಗುತ್ತದೆ.

ಲಕ್ಷ್ಮೀಶನ ‘ಜೈಮಿನಿ ಭಾರತ’ದ ಉದ್ದಾಲಕ-ಚಂಡಿ ಪ್ರಸಂಗ ಇದರ ಮತ್ತೊಂದು ಮುಖ. ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವ ಪತ್ನಿಯಿಂದ ಬೇಸತ್ತ ಮುನಿಯ ಪಾಡು ಅಲ್ಲಿ ನಗೆಯ ವಸ್ತು. ಹೀಗೆ ಪತಿಯ ಸಂಕಟ ಒಂದೆಡೆ ಕರ್ಮದಲ್ಲಿ, ಇನ್ನೊಂದೆಡೆ ಹಾಸ್ಯದಲ್ಲಿ ಕರಗಿಹೋಗುತ್ತದೆ. ಅದು ಅನ್ಯಾಯವೆಂಬ ಮಾತು ಎರಡೂ ಕಡೆ ಹುಟ್ಟುವುದಿಲ್ಲ.

ಈ ಓದು ಸ್ತ್ರೀನಿಂದೆಗೆ ಆಧಾರವಾಗಕೂಡದು. ತಡವಾಗಿ ಬಂದಳೆಂದು ಅದೇ ರಾತ್ರಿ ಅಮೃತಮತಿಯೂ ಅಷ್ಟಾವಂಕನಿಂದ ಪೆಟ್ಟು ತಿನ್ನುತ್ತಾಳೆ. ಗೃಹಹಿಂಸೆಗೆ ಹೆಚ್ಚಾಗಿ ಗುರಿಯಾಗುವವರು ಸ್ತ್ರೀಯರೇ. ಭಾರತದ 2005ರ ಕಾಯಿದೆ ರೂಪುಗೊಂಡದ್ದೂ ಅವರ ರಕ್ಷಣೆಗಾಗಿ. ಇದನ್ನು ಒಪ್ಪಿಕೊಂಡೂ, ಪೀಡಿತ ಪುರುಷನ ಮಾತು ಲಜ್ಜೆ, ನಗೆಗಳ ನಡುವೆ ಅಡಗಿಹೋಗುವ ಬಗೆಯನ್ನು ಕಾವ್ಯದಲ್ಲಿ ಗುರುತಿಸಬಹುದು. ಪುರುಷನ ಬಾಯಿ ಕಟ್ಟುವ ಘನತೆಯ ಕಲ್ಪನೆಯೂ ಸ್ತ್ರೀಯನ್ನು ಅಧೀನಳೆಂದೇ ಭಾವಿಸುವ ವ್ಯವಸ್ಥೆಯ ಸೃಷ್ಟಿ. ಯಶೋಧರನ ಮೌನವನ್ನು ಆಲಿಸುವುದೆಂದರೆ ಆ ವ್ಯವಸ್ಥೆಯನ್ನು ಮತ್ತೊಂದು ದಿಕ್ಕಿನಿಂದ ಪ್ರಶ್ನಿಸುವುದೇ ಆಗಿದೆ.