ಮೂವತ್ತಾರನೆಯ ಪುಟ

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಬಂದವರೆಲ್ಲ ನಯಾಗರ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಅವರ ಊರಿನ ಸಾರ್ವಜನಿಕ ಗ್ರಂಥಾಲಯ. ಮಗಳ ಕಾರ್ಡಿನ ಸಂಖ್ಯೆಯನ್ನು ಫೋನಿಗೆ ತುಂಬಿದರೆ ಸಾಕು, ಪುಸ್ತಕ ಮನೆಯೊಳಕ್ಕೇ ಬರುತ್ತದೆ. ಬರುವುದು ಮಾತ್ರವಲ್ಲ, ತನ್ನನ್ನು ತಾನೇ ಓದಿ ಹೇಳುತ್ತದೆ. ಕಿವಿಗೆ ಸಿಕ್ಕಿಸಿಕೊಂಡು ನಾವು ಹುರುಳಿಕಾಯಿ ಹೆಚ್ಚುತ್ತಲೋ ಬಟ್ಟೆ ಮಡಚುತ್ತಲೋ ಇರಬಹುದು. ಇಪ್ಪತ್ತೊಂದು ದಿನವಾದ ಮೇಲೆ ಅದು ತಾನಾಗಿ ಎದ್ದು ಹೋಗಿಬಿಡುತ್ತದೆ. ದಂಡವಿಲ್ಲ, ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಲ್ಲುವುದಿಲ್ಲ.

ನನಗೆ ಸಕ್ಕರೆ ಕಾಯಿಲೆ. ಕಣ್ಣಿನ ಡಾಕ್ಟರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಓದಬೇಡಿ ಎಂದಿದ್ದಾರೆ. ಹಾಗಾಗಿ ಈ ಕಿವಿಯ ಪುಸ್ತಕ ನನಗೆ ವರವೇ ಆಗಬೇಕಿತ್ತು. ಆರು ತಿಂಗಳಲ್ಲಿ ಹತ್ತೊಂಬತ್ತು ಪುಸ್ತಕ ತರಿಸಿಕೊಂಡೆ. ಮುಗಿಸಿದ್ದು ಐದು.

"ಅಮ್ಮಾ, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಬಯ್ಯುತ್ತಿದ್ದವಳು ನೀನೇನಾ?" ಎಂದು ಮಗಳು ನಕ್ಕಳು.

ಅವಳು ನಕ್ಕದ್ದು ಸರಿ. ನಾನು ಬೆಳೆದ ಮನೆಯಲ್ಲಿ ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ನನ್ನ ಅಮ್ಮ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಕಡಲೆ ಕಟ್ಟಿ ಬಂದ ಕಾಗದವನ್ನೂ ಬಿಡಿಸಿ, ಸವರಿ, ಅದರಲ್ಲಿದ್ದ ಅರ್ಧ ಸುದ್ದಿಯನ್ನು ಓದಿಯೇ ಒಲೆಗೆ ಹಾಕುತ್ತಿದ್ದಳು. ಓದಲು ಹಿಡಿದದ್ದನ್ನು ನಡುವೆ ಬಿಡುವುದೆಂದರೆ ಅವಳಿಗೆ ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದಂತೆ. ಆ ಮನೆಯಲ್ಲಿ ಬೆಳೆದು ಈಗ ಹದಿನಾಲ್ಕು ಎಲೆ ಬಿಟ್ಟೆದ್ದಿದ್ದೇನೆ.

ಎದ್ದವಳು ನಾನೊಬ್ಬಳೇ ಅಲ್ಲ ಎಂಬುದಕ್ಕೆ ನಮ್ಮೂರಿನ ಗ್ರಂಥಾಲಯದಲ್ಲೇ ಸಾಕ್ಷಿಯಿದೆ. ನೀವೂ ಗಮನಿಸಿರಬಹುದು. ಎರವಲು ಪುಸ್ತಕವನ್ನು ಮುಚ್ಚಿ, ಅದರ ಪುಟಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಓದಿಸಿಕೊಂಡ ಭಾಗ ಕಂದಾಗಿರುತ್ತದೆ, ಓದಿಸಿಕೊಳ್ಳದ ಭಾಗ ಬೆಳ್ಳಗೆ ಉಳಿದಿರುತ್ತದೆ. ಕೆಲವು ಕಾದಂಬರಿಗಳಲ್ಲಿ ಎಪ್ಪತ್ತನೆಯ ಪುಟದವರೆಗೆ ಅರಿಸಿನದ ಬೆರಳು, ಎಣ್ಣೆಯ ಕಲೆ, ಮಗು ಗೀಚಿದ ಗೆರೆ, ಎಲ್ಲ ಇರುತ್ತವೆ. ಅಲ್ಲಿಂದಾಚೆ ಹೊಸ ಮದುವಣಗಿತ್ತಿಯ ಸೀರೆಯಂತೆ ಮಡಿಕೆ ಸಹ ಮುರಿದಿರುವುದಿಲ್ಲ. ಇಷ್ಟು ಪ್ರಾಮಾಣಿಕವಾದ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಒಮ್ಮೆ ಒಂದು ಕಾದಂಬರಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ "ಅಕ್ಕಂದಿರೇ, ಮುಂದೆ ಅಳು ಮಾತ್ರ ಇದೆ" ಎಂದು ಬರೆದಿದ್ದರು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವುದು ತಪ್ಪು. ಆದರೂ ಆ ಅಕ್ಕನನ್ನು ನೆನೆದು ಪುಸ್ತಕವನ್ನು ಮಾರನೆಯ ದಿನವೇ ಹಿಂತಿರುಗಿಸಿದೆ.

ಬಿಡುವುದಕ್ಕೂ ಒಂದು ಲೆಕ್ಕ ಹಾಕಿಕೊಟ್ಟವರಿದ್ದಾರೆ. ನ್ಯಾನ್ಸಿ ಪರ್ಲ್ ಎಂಬ ಅಮೆರಿಕದ ಗ್ರಂಥಪಾಲಕಿ ಹೇಳುವುದು ಹೀಗೆ: ಯಾವ ಪುಸ್ತಕಕ್ಕಾದರೂ ಐವತ್ತು ಪುಟದ ಅವಕಾಶ ಕೊಡಿ, ಹಿಡಿಸದಿದ್ದರೆ ಬಿಡಿ. ನಿಮಗೆ ಐವತ್ತು ವರ್ಷ ದಾಟಿದ್ದರೆ ನೂರರಿಂದ ನಿಮ್ಮ ವಯಸ್ಸನ್ನು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ನನಗೀಗ ಅರವತ್ತನಾಲ್ಕು. ನನ್ನ ಪಾಲಿಗೆ ಮೂವತ್ತಾರು ಪುಟ. ವಯಸ್ಸಾದಂತೆ ಹೊತ್ತು ಕಡಿಮೆ, ಹಾಗಾಗಿ ತಾಳ್ಮೆಯೂ ಕಡಿಮೆಯಿರಲಿ ಎಂಬ ಈ ಲೆಕ್ಕ ನನಗೆ ಬಹಳ ಹಿಡಿಸಿತು. ಆದರೆ ನ್ಯಾನ್ಸಿಯವರಿಗೆ ಕನ್ನಡ ಪುಸ್ತಕಗಳ ಪರಿಚಯವಿಲ್ಲ. ಪ್ರಕಾಶಕರ ಮಾತು, ಹಿರಿಯರೊಬ್ಬರ ಮುನ್ನುಡಿ, ಇನ್ನೊಬ್ಬ ಹಿರಿಯರ ಆಶಯ ನುಡಿ, ಲೇಖಕಿಯ ಅರಿಕೆ, ಆಮೇಲೆ ಅತ್ತೆಮಾವಂದಿರಿಂದ ಹಿಡಿದು ಡಿಟಿಪಿ ಮಾಡಿದವರವರೆಗೆ ಕೃತಜ್ಞತೆ. ನನ್ನ ಮೂವತ್ತಾರು ಪುಟ ಕತೆಯ ಹೊಸ್ತಿಲಲ್ಲೇ ಮುಗಿದುಹೋಗುತ್ತದೆ.

ಕಿವಿಯ ಪುಸ್ತಕಕ್ಕೆ ಈ ಪುಟದ ಲೆಕ್ಕ ಹತ್ತುವುದಿಲ್ಲ. ಅಲ್ಲಿ ಸೋಲುವ ಬಗೆಯೇ ಬೇರೆ.

ಕಣ್ಣಿಗೆ ಒಂದು ಜಾಣತನವಿದೆ, ಅದು ಹಾರುತ್ತದೆ. ಸೂರ್ಯಾಸ್ತದ ವರ್ಣನೆ ಎರಡು ಪುಟ ಇದ್ದರೆ, ಒಂದು ವಾಕ್ಯ ಓದಿ, ಉಳಿದದ್ದರ ಮೇಲೆ ಕೈಯಾಡಿಸಿ, ಮಾತುಕತೆ ಶುರುವಾಗುವಲ್ಲಿಗೆ ಇಳಿಯುತ್ತದೆ. ನಾವು ಎಷ್ಟೋ ಸಾಧಾರಣ ಕಾದಂಬರಿಗಳನ್ನು ಮುಗಿಸಿದ್ದು ಹೀಗೆ ಹಾರಿಕೊಂಡೇ. ಕಿವಿಗೆ ಆ ವಿದ್ಯೆ ಬರುವುದಿಲ್ಲ. ಸೂರ್ಯ ಮುಳುಗುವಷ್ಟು ಹೊತ್ತೂ ಅದು ಕಾಯಬೇಕು. ಹದಿನೈದು ಸೆಕೆಂಡು ಮುಂದಕ್ಕೆ ತಳ್ಳುವ ಗುಂಡಿಯೇನೋ ಇದೆ. ಆದರೆ ಹಿಟ್ಟಿನ ಕೈಯಲ್ಲಿ ಅದನ್ನು ಒತ್ತುವುದು ಹೇಗೆ? ಓಟದ ವೇಗ ಹೆಚ್ಚಿಸು ಎಂದಳು ಮಗಳು. ಒಂದೂವರೆ ಪಟ್ಟು ಮಾಡಿದೆ. ಕತೆಯೊಳಗೆ ಒಬ್ಬ ತಾಯಿ ಸತ್ತ ಮಗನ ಅಂಗಿ ಹಿಡಿದು ಕೂತಿದ್ದಳು. ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವವನ ಓಟದಲ್ಲಿ ಅವಳ ದುಃಖ ಓಡಿತು. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಆ ಪುಸ್ತಕವನ್ನು ಅಲ್ಲಿಗೇ ನಿಲ್ಲಿಸಿದೆ. ತಪ್ಪು ಪುಸ್ತಕದ್ದೋ ನನ್ನದೋ ಇವತ್ತಿಗೂ ತಿಳಿಯದು.

ಇನ್ನು ಓದುವವರ ದನಿ. ಬರೆದವರು ಎಷ್ಟೇ ದೊಡ್ಡವರಾಗಲಿ, ಓದುವವರು ಕೈಕೊಟ್ಟರೆ ಮುಗಿಯಿತು. ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬಳು ಬರುತ್ತಾಳೆ. ಓದುವವನು ಅವಳಿಗೆಂದೇ ಒಂದು ಗುನುಗುವ, ತಲೆಯಾಡಿಸುವ ದನಿ ತೆಗೆದ. ಲೇಖಕಿ ಗಂಭೀರವಾಗಿ ಬರೆದ ಅಜ್ಜಿ ಕಿವಿಯಲ್ಲಿ ಗೊಂಬೆಯಾದಳು. ಊರಿಗೆ ಬಂದ ಮೇಲೆ ಮಗಳೇ ಚಂದಾ ಕಟ್ಟಿ ಕೊಡಿಸಿದ ಕನ್ನಡದ ಆಡಿಯೋ ಪುಸ್ತಕಗಳನ್ನೂ ಕೇಳಿದೆ. ಒಳ್ಳೆಯವೂ ಇವೆ, ಇಲ್ಲವೆನ್ನಲಾರೆ. ಆದರೆ ಕೆಲವರು ಪ್ರತಿ ಅಧ್ಯಾಯಕ್ಕೂ ಕೊಳಲು ಊದಿಸುತ್ತಾರೆ. ಗಂಡಸು ಪಾತ್ರವೆಂದರೆ ಗುಡುಗುತ್ತಾರೆ, ಹೆಂಗಸೆಂದರೆ ಮುಲುಕುತ್ತಾರೆ. ಧಾರವಾಡದ ಕಡೆಯ ಅತ್ತೆಯ ಮಾತು ಬೆಂಗಳೂರಿನ ಬಾಯಲ್ಲಿ ಬಂದಾಗ ಎರವಲು ಒಡವೆ ಹಾಕಿಕೊಂಡಂತೆ ಕೇಳುತ್ತದೆ. ಒಬ್ಬರಂತೂ 'ಹಾಲು' ಇದ್ದಲ್ಲೆಲ್ಲ 'ಆಲು' ಎಂದೇ ಓದಿದರು. ಆ ಕತೆಯ ನಾಯಕಿಯ ಮನೆಯಲ್ಲಿ ನಾಲ್ಕು ಎಮ್ಮೆ ಬೇರೆ.

ಹಾಗೆಂದು ಇದೇನು ನಮಗೆ ಹೊಸ ವಿದ್ಯೆಯೇ? ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ಊರಿಗೆ ಊರೇ ಕೂತು ಕೇಳಿದೆ. ಅಲ್ಲಿ ಗಮಕಿ ಭೀಮನಿಗೊಂದು ದ್ರೌಪದಿಗೊಂದು ದನಿ ತೆಗೆಯುವುದಿಲ್ಲ. ರಾಗ ಬದಲಾಗುತ್ತದೆ, ಓದುವ ಮನುಷ್ಯ ಬದಲಾಗುವುದಿಲ್ಲ. ಪದ ಒಡೆಯುವ ಜಾಗ ಸರಿಯಿರುತ್ತದೆ, ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಕೂತ ವ್ಯಾಖ್ಯಾನಕಾರರು ತೊಡಕಾದಲ್ಲಿ ಬಿಡಿಸಿ ಹೇಳುತ್ತಾರೆ. ನಮ್ಮ ಅತ್ತೆಯವರು ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದರು, ದ್ರೌಪದಿಯ ಸೀರೆಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಎಚ್ಚರಗೊಳ್ಳುತ್ತಿದ್ದರು. ಗೊತ್ತಿದ್ದ ಕತೆಗೆ ಆ ಸೌಕರ್ಯವಿದೆ. ಗೊತ್ತಿಲ್ಲದ ಕತೆಯಲ್ಲಿ ಎರಡು ನಿಮಿಷ ತೂಕಡಿಸಿದರೆ ಯಾರು ಯಾರನ್ನು ಮದುವೆಯಾದರೆಂದೇ ತಿಳಿಯುವುದಿಲ್ಲ.

ಮಾತಾಡುವ ಪುಸ್ತಕಗಳು ಮೊದಲು ಹುಟ್ಟಿದ್ದು ಕಣ್ಣಿಲ್ಲದವರಿಗಾಗಿ. ಅಮೆರಿಕದಲ್ಲಿ 1930ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಅವು ಬಂದವು. ಬ್ರಿಟನ್ನಿನಲ್ಲಿ 1935ರಲ್ಲಿ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರೂ ಅದರ ಕೇಳುಗರು. ಅಲ್ಲಿ ಮೊದಲು ಕಳಿಸಿದ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಒಂದು ಎಂದು ಓದಿ ನನಗೆ ಸಮಾಧಾನವಾಯಿತು. ಕಷ್ಟದಲ್ಲಿರುವವರಿಗೆ ಉಪದೇಶವನ್ನೇ ಕೊಡಬೇಕೆಂದು ಯಾರಿಗೂ ತೋಚಲಿಲ್ಲವಲ್ಲ.

ನಾನು ಕೇಳಿ ಮುಗಿಸಿದ ಐದರಲ್ಲಿ ಒಂದು 'ಮಿಡಲ್‌ಮಾರ್ಚ್'. ಜಾರ್ಜ್ ಎಲಿಯಟ್ ಎಂಬ ಗಂಡಸಿನ ಹೆಸರಿಟ್ಟುಕೊಂಡು ಮೇರಿ ಆನ್ ಇವಾನ್ಸ್ 1871-72ರಲ್ಲಿ ಕಂತುಕಂತಾಗಿ ಪ್ರಕಟಿಸಿದ ಕಾದಂಬರಿ. ಕೇಳಲು ಮೂವತ್ತು ಗಂಟೆ ಮೀರುತ್ತದೆ. ಮೊದಲ ಸಲ ಇಪ್ಪತ್ತೊಂದು ದಿನ ಮುಗಿದು ಪುಸ್ತಕ ಎದ್ದುಹೋಯಿತು, ಮತ್ತೆ ಸರದಿ ನಿಂತು ತರಿಸಿಕೊಂಡೆ. ಅದರಲ್ಲಿ ಕ್ಯಾಸೊಬನ್ ಎಂಬ ಪಂಡಿತ ಜಗತ್ತಿನ ಪುರಾಣಗಳಿಗೆಲ್ಲ ಕೀಲಿಕೈಯಾಗುವ ಗ್ರಂಥ ಬರೆಯುತ್ತಾ ಬರೆಯುತ್ತಾ ಮುಗಿಸಲಾರದೆ ಸಾಯುತ್ತಾನೆ. ತಾನು ಹೋದ ಮೇಲೆಯೂ ತನ್ನ ಇಷ್ಟದಂತೆಯೇ ನಡೆಯುತ್ತೇನೆಂದು ಮಾತು ಕೊಡು ಎಂದು ಎಳೆಯ ಹೆಂಡತಿ ಡೊರೊಥಿಯಾಳನ್ನು ಪೀಡಿಸುತ್ತಾನೆ. ಆ ಗ್ರಂಥದ ಹೊರೆ ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತು. ರಾತ್ರಿಯೆಲ್ಲ ನರಳಿ, ಬೆಳಗ್ಗೆ ಒಪ್ಪಿಕೊಳ್ಳಲೆಂದು ತೋಟಕ್ಕೆ ಹೋಗುತ್ತಾಳೆ. ಅಷ್ಟರಲ್ಲಿ ಅವನ ಪ್ರಾಣ ಹೋಗಿರುತ್ತದೆ. ಆಮೇಲೆ ಅವಳು ಅವನ ಟಿಪ್ಪಣಿಗಳನ್ನು ಕಟ್ಟಿಟ್ಟು, ನನಗೆ ನಂಬಿಕೆಯಿಲ್ಲದ ಕೆಲಸಕ್ಕೆ ನನ್ನ ಜೀವ ಕೊಡಲಾರೆ ಎಂಬರ್ಥದ ಚೀಟಿ ಬರೆದು ಒಳಗಿಡುತ್ತಾಳೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದು ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು. ಗಂಡನ ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟ ಹೆಂಗಸು!

ಆದರೆ ಬಿಟ್ಟದ್ದೆಲ್ಲ ಬಿಡತಕ್ಕದ್ದೇ ಆಗಿರುವುದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ನಾನು ಎರಡು ಸಲ ಬಿಟ್ಟವಳು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ದಾರಿ ಹಿಡಿದದ್ದೇ ತಡ, ಊರು, ಮನೆ, ಹಟ್ಟಿ, ಗೌಡರು, ಹೆಗ್ಗಡೆಯರು ಎಂದು ಹೆಸರುಗಳ ಹಳು ಬೆಳೆದು ನಾನೇ ದಾರಿ ತಪ್ಪುತ್ತಿದ್ದೆ. ನನ್ನ ಮೊದಲ ಕಣ್ಣಿನ ಆಪರೇಷನ್ ಆದಾಗ ತೀರ್ಥಹಳ್ಳಿಯ ಕಡೆಯಲ್ಲಿ ಬೆಳೆದ ನನ್ನ ಓರಗಿತ್ತಿ ಬಂದು ಜೊತೆಗಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಗಟ್ಟಿಯಾಗಿ ಓದಿದಳು. ನಟನೆಯಿಲ್ಲ, ಏರಿಳಿತವಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವವರ ಹಾಗೆ ಓದುತ್ತಾ, ನಡುನಡುವೆ "ಹಳು ಅಂದ್ರೆ ಗೊತ್ತಾಯ್ತಾ ಅಕ್ಕಾ? ನಮ್ಮನೆ ಹಿಂದೂ ಇತ್ತು" ಎನ್ನುತ್ತಾ. ನಾಲ್ಕನೇ ದಿನಕ್ಕೆ ಆ ಕಾಡಿನಲ್ಲಿ ನನಗೆ ದಾರಿ ತಿಳಿಯಿತು. ಎರಡು ಸಲ ನಾನು ಬಿಟ್ಟಿದ್ದು ಆ ಪುಸ್ತಕದ ಸೋಲಾಗಿರಲಿಲ್ಲ. ನನ್ನ ಮೂವತ್ತಾರು ಪುಟದ ಲೆಕ್ಕದಲ್ಲಿ ಕನ್ನಡದ ಅಷ್ಟು ದೊಡ್ಡ ಕೃತಿಯೊಂದು ಉತ್ತೀರ್ಣವಾಗುತ್ತಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. 1996ರಲ್ಲಿ ನಾನು ನಮ್ಮ ಜಿಲ್ಲೆಯ ವಾರಪತ್ರಿಕೆಯೊಂದಕ್ಕೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಪಕ್ಕದ ತಾಲ್ಲೂಕಿನ ಗೃಹಿಣಿಯೊಬ್ಬರ ಮೊದಲ ಕಾದಂಬರಿ ಬಂತು. ಸಹಿಸಲಾಗಲಿಲ್ಲ. ಅದರಲ್ಲಿ ಜಡ್ಜರೂ ಕೆಲಸದ ನಿಂಗಿಯೂ ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದರು. ನಾಯಕಿಯಲ್ಲಿ ಒಂದು ದೋಷವಾದರೂ ಇದ್ದಿದ್ದರೆ ಅವಳ ಕಷ್ಟಕ್ಕೆ ಮರುಗಬಹುದಿತ್ತು. ಎಂಬತ್ತನೆಯ ಪುಟದಲ್ಲಿ ತಪ್ಪು ವಿಳಾಸಕ್ಕೆ ಹೋದ ಕಾಗದವೊಂದು ಬಂದಾಗ ಪುಸ್ತಕ ಮುಚ್ಚಿಟ್ಟೆ. ಆದರೆ ವಿಮರ್ಶೆಯನ್ನು ಬುಧವಾರದೊಳಗೆ ಕೊಡಬೇಕಿತ್ತು. ಮುನ್ನುಡಿಯನ್ನೂ ಕೊನೆಯ ಅಧ್ಯಾಯವನ್ನೂ ನೋಡಿಕೊಂಡು 'ಸ್ತ್ರೀಸಂವೇದನೆಯ ಹೃದಯಂಗಮ ಚಿತ್ರಣ' ಎಂದು ಬರೆದೆ. ಯಾವ ಪುಸ್ತಕಕ್ಕೂ ಹೊಂದುವ ರವಿಕೆ ಅದು, ಅಳತೆಯೇ ಬೇಕಿಲ್ಲ. ವಾರದೊಳಗೆ ಲೇಖಕಿಯ ಕಾರ್ಡು ಬಂತು. ಮನೆಯವರೂ ಪೂರ್ತಿ ಓದಲಿಲ್ಲ, ನೀವಾದರೂ ಓದಿದಿರಲ್ಲ ಎಂದು ಬರೆದಿದ್ದರು.

ಫ್ರಾನ್ಸಿನ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರಿಗೆ ಹತ್ತು ಹಕ್ಕುಗಳನ್ನು ಬರೆದುಕೊಟ್ಟಿದ್ದಾರೆ. ಮೂರನೆಯದು ಪುಸ್ತಕವನ್ನು ಮುಗಿಸದಿರುವ ಹಕ್ಕು, ಹತ್ತನೆಯದು ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಮೂರನೆಯದನ್ನು ನಾನು ಧಾರಾಳವಾಗಿ ಬಳಸಿಕೊಂಡೆ. ಹತ್ತನೆಯದನ್ನು ಬಳಸಿಕೊಳ್ಳಬೇಕಾದ ಒಂದೇ ಒಂದು ಸಂದರ್ಭದಲ್ಲಿ ಬಳಸಿಕೊಳ್ಳಲಿಲ್ಲ. ಆ ಕಾರ್ಡಿಗೆ ಉತ್ತರವನ್ನೂ ಬರೆಯಲಿಲ್ಲ.

ಅಮೆರಿಕದಿಂದ ಬಂದ ಮೇಲೆ ನಮ್ಮೂರಿನ ಗ್ರಂಥಾಲಯದಲ್ಲಿ ಆ ಕಾದಂಬರಿ ಕಣ್ಣಿಗೆ ಬಿತ್ತು. ಕೆಳಗಿನ ಸಾಲಿನಲ್ಲಿ, ರಟ್ಟು ಕಿತ್ತು, ಮರುಬೈಂಡು ಮಾಡಿಸಿಕೊಂಡು ಕೂತಿತ್ತು. ರೂಢಿಯಂತೆ ಮುಚ್ಚಿ, ಅಂಚನ್ನು ಕಿಟಕಿಗೆ ಹಿಡಿದೆ. ಎಂಬತ್ತನೆಯ ಪುಟದ ಹತ್ತಿರ ಬಣ್ಣ ಬದಲಾಗುತ್ತದೆಂದು ಖಂಡಿತ ನಂಬಿದ್ದೆ. ಬದಲಾಗಿರಲಿಲ್ಲ. ಮೊದಲಿನಿಂದ ಕೊನೆಯ ಪುಟದವರೆಗೆ ಒಂದೇ ಸಮನಾಗಿ ಕಂದಾಗಿತ್ತು. ಇನ್ನೂರರ ಆಚೆಗೆ ಎಲ್ಲೋ ಅರಿಸಿನದ ಹೆಬ್ಬೆರಳು, ಕೊನೆಯ ಅಧ್ಯಾಯದಲ್ಲಿ ಒಣಗಿದ ಒಂದು ಕನಕಾಂಬರ.

ಮನೆಗೆ ತಂದಿದ್ದೇನೆ. ಎಂಬತ್ತೊಂದನೆಯ ಪುಟದಿಂದ ಹಿಡಿದೆ, ಡಾಕ್ಟರು ಕೊಟ್ಟ ಒಂದು ಗಂಟೆಯನ್ನು ಅದಕ್ಕೇ ಇಟ್ಟಿದ್ದೇನೆ. ನಿಂಗಿ ಇನ್ನೂ ಜಡ್ಜರ ಹಾಗೆಯೇ ಮಾತಾಡುತ್ತಿದ್ದಾಳೆ. ನೂರನಾಲ್ಕಕ್ಕೆ ಬಂದಿದ್ದೇನೆ, ವಾಯಿದೆಗೆ ಇನ್ನು ಒಂಬತ್ತು ದಿನವಿದೆ.