ಚರಟಕ್ಕೊಂದು ನಿಘಂಟು

ಟೀ ಎಲೆ ನೋಡಿ ಭವಿಷ್ಯ ಹೇಳುವುದನ್ನು ಕಲಿಯಲು ಹೊರಟವರ ಕೈಗೆ ಇಂದಿಗೂ ಸಿಗುವುದು ನೂರು ವರ್ಷದ ಹಿಂದಿನ ಒಂದು ಸಣ್ಣ ಇಂಗ್ಲಿಷ್ ಪುಸ್ತಕ: ‘ಟೀ-ಕಪ್ ರೀಡಿಂಗ್ ಅಂಡ್ ಫಾರ್ಚೂನ್-ಟೆಲಿಂಗ್ ಬೈ ಟೀ ಲೀವ್ಸ್’. 1920ರ ಆಸುಪಾಸಿನಲ್ಲಿ ಬಂದದ್ದು. ಬರೆದವರು ಹೆಸರು ಹೇಳದೆ ‘ಎ ಹೈಲ್ಯಾಂಡ್ ಸೀಯರ್’, ಅಂದರೆ ಸ್ಕಾಟ್ಲೆಂಡಿನ ಬೆಟ್ಟನಾಡಿನ ಕಾಲಜ್ಞಾನಿ, ಎಂದು ಸಹಿ ಹಾಕಿ ಮರೆಯಾಗಿದ್ದಾರೆ. ಹಕ್ಕುಸ್ವಾಮ್ಯ ತೀರಿದ ಪುಸ್ತಕವಾದ್ದರಿಂದ ಯಾರು ಬೇಕಾದರೂ ಹೊಸ ರಟ್ಟು ಹಚ್ಚಿ ಮಾರುತ್ತಾರೆ. 1922ರಲ್ಲಿ ಬಂದ ಸಿಸಿಲಿ ಕೆಂಟ್ ಅವರ ಕೈಪಿಡಿಯಿಂದ ಹಿಡಿದು ಇವತ್ತಿನವರೆಗೆ ಈ ವಿದ್ಯೆಯ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಇದೇ ಜಾಡಿನಲ್ಲಿವೆ. ಮೂಲಗ್ರಂಥದ ಮರ್ಯಾದೆ ಇದಕ್ಕೆ ಸಲ್ಲುತ್ತಿದೆ. ಆದರೆ ಸಲ್ಲುತ್ತಿರುವುದು ಅದರ ಅತ್ಯಂತ ದುರ್ಬಲ ಭಾಗಕ್ಕೆ ಎಂಬುದು ನನ್ನ ತಕರಾರು.

ಎಲೆಗೆ ನಾಳೆಯ ಸುದ್ದಿ ಗೊತ್ತಿಲ್ಲ. ಅದನ್ನು ಸಾಬೀತುಮಾಡಲು ಇಲ್ಲಿ ಜಾಗ ಖರ್ಚು ಮಾಡುವುದಿಲ್ಲ. ವಿಧಿಯನ್ನೂ ಬೇಗ ಮುಗಿಸಬಹುದು. ಒಳಮೈ ಬಿಳಿಯಾಗಿರುವ, ಬಾಯಗಲವಾದ ಬಟ್ಟಲಿನಲ್ಲಿ ಸೋಸದ ಟೀ ಕುಡಿದು, ತಳದಲ್ಲಿ ಅರ್ಧ ಚಮಚದಷ್ಟು ಉಳಿಸಿ, ಎಡಗೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಮೂರು ಸುತ್ತು ಆಡಿಸಿ, ಸಾಸರಿನ ಮೇಲೆ ಮಗುಚಿ ಒಂದು ನಿಮಿಷ ಬಿಡಬೇಕು. ಚೀನಾ ಚಹಾವೇ ಆಗಬೇಕು. ಭಾರತದ ಚಹಾದಲ್ಲಿ ಧೂಳು, ಕಡ್ಡಿಚೂರು ಹೆಚ್ಚಾದ್ದರಿಂದ ಶಕುನಕ್ಕೆ ಒದಗುವುದಿಲ್ಲ ಎನ್ನುತ್ತದೆ ಪುಸ್ತಕ. ಅದೂ ಎಲೆಯನ್ನು ಹರಿದು ಹುಡಿಮಾಡುವ ಸಿಟಿಸಿ ಯಂತ್ರ ಅಸ್ಸಾಮಿನ ತೋಟಗಳಿಗೆ ಬರುವುದಕ್ಕೆ ಹತ್ತು ವರ್ಷ ಮೊದಲಿನ ಮಾತು. ಡಸ್ಟ್ ಟೀ ಕುದಿಸಿ ಸೋಸಿ ಕುಡಿಯುವ ನಮ್ಮ ಲೋಟದ ತಳದಲ್ಲಿ ಕಂದು ಗೆರೆಯೊಂದು ಉಳಿದರೆ ಅದೇ ಹೆಚ್ಚು. ಈ ವಿದ್ಯೆ ನಮ್ಮಲ್ಲಿ ಬೇರುಬಿಡದಿದ್ದುದಕ್ಕೆ ನಮ್ಮ ವಿಚಾರವಾದವನ್ನು ಹೊಗಳುವ ಮುನ್ನ ಟೀ ಸೋಸುವ ಜರಡಿಯನ್ನು ಹೊಗಳಬೇಕು.

ಜನ ಪುಸ್ತಕ ಕೊಳ್ಳುವುದು ಅದರಲ್ಲಿರುವ ಅಕಾರಾದಿ ಪಟ್ಟಿಗಾಗಿ. ಲಂಗರು ಕಂಡರೆ ವ್ಯಾಪಾರದಲ್ಲಿ ಗೆಲುವು, ಪ್ರೇಮದಲ್ಲಿ ನಿಷ್ಠೆ. ಆನೆ ಕಂಡರೆ ಆರೋಗ್ಯ. ಒಂಟೆಯಾದರೆ ತಾಳ್ಮೆಯಿಂದ ಹೊರಬೇಕಾದ ಹೊರೆ. ಕಾಂಗರೂ ಬಂದರೆ ಪ್ರತಿಸ್ಪರ್ಧಿ, ಜೀಬ್ರಾ ಬಂದರೆ ಪರದೇಶ ಸಂಚಾರ. ವಿಮಾನ ಕಂಡರೆ ಕೈಗೂಡದ ಯೋಜನೆ. ಬೆಟ್ಟನಾಡಿನ ಅಜ್ಜಿಯರಿಂದ ಬಂದ ಪ್ರಾಚೀನ ಜ್ಞಾನವೆಂದು ಪೀಠಿಕೆ ಹಾಕಿದ ಪುಸ್ತಕದಲ್ಲಿ ವಿಮಾನ ಹೇಗೆ ಹಾರಿ ಬಂತೆಂದು ಕೇಳಿದರೆ ಕುಚೋದ್ಯವಾದೀತು. ಸಾಮ್ರಾಜ್ಯದ ಹಡಗುಗಳು ಮುಟ್ಟಿದ ಮೃಗಾಲಯವೆಲ್ಲ ಆ ಬಟ್ಟಲಿನ ತಳದಲ್ಲಿದೆ.

ನಮ್ಮ ಪಂಚಾಂಗದ ಹಲ್ಲಿ ಶಕುನವೂ ಇಂಥದೇ ಪಟ್ಟಿ. ಆದರೆ ಒಂದು ವ್ಯತ್ಯಾಸವಿದೆ. ಹಲ್ಲಿ ಮೈಮೇಲೆ ಬೀಳುವುದು ಒಂದು, ಬೀಳುವ ಜಾಗವೂ ಒಂದು; ಪಟ್ಟಿ ತೆರೆದು ಫಲ ನೋಡಿ ಎದ್ದುಹೋಗಬಹುದು. ಅದನ್ನು ಕಲಿಯಲು ಯಾರೂ ಗುರುವಿನ ಮನೆಗೆ ಹೋಗುವುದಿಲ್ಲ. ಬಟ್ಟಲಿನಲ್ಲಾದರೋ ಆನೆ, ಲಂಗರು, ಮೋಡ, ಗೆರೆ, ಚುಕ್ಕಿ ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ಅಲ್ಲಿ ಪಟ್ಟಿ ಕೈಕೊಡುತ್ತದೆ. ಇದನ್ನು ಬಿಡಿಸಿ ತೋರಿಸಿದ್ದು ವಿಮರ್ಶಕರಲ್ಲ, ಮಕ್ಕಳ ಕಾದಂಬರಿ ಬರೆದ ಜೆ. ಕೆ. ರೌಲಿಂಗ್. 1999ರಲ್ಲಿ ಬಂದ ಮೂರನೆಯ ಹ್ಯಾರಿ ಪಾಟರ್ ಕಾದಂಬರಿಯಲ್ಲಿ ಹ್ಯಾರಿ ಪಠ್ಯಪುಸ್ತಕ ಬಿಡಿಸಿಟ್ಟುಕೊಂಡು ಗೆಳೆಯ ರಾನ್‌ನ ಬಟ್ಟಲು ಓದುತ್ತಾನೆ. ಶಿಲುಬೆಯಂಥದು ಕಂಡಿತು, ಅದಕ್ಕೆ ಕಷ್ಟ. ಸೂರ್ಯನಂಥದು ಕಂಡಿತು, ಅದಕ್ಕೆ ಮಹಾ ಸಂತೋಷ. ಹಾಗಾಗಿ ರಾನ್ ಕಷ್ಟಪಡುತ್ತಾನೆ, ಆದರೆ ತುಂಬ ಸಂತೋಷವಾಗಿರುತ್ತಾನೆ. ನಿಘಂಟು ಹಿಡಿದು ಕಲಿತವರೆಲ್ಲ ಇದೇ ಹ್ಯಾರಿಗಳು.

ಹಾಗಾದರೆ ಪುಸ್ತಕದಲ್ಲಿ ಉಳಿಯುವುದೇನು? ಯಾರೂ ನಿಂತು ಓದದ, ಸಾಮಾನ್ಯ ನಿಯಮಗಳ ಅಧ್ಯಾಯದಲ್ಲಿರುವ ಒಂದು ಪುಟ್ಟ ಭಾಗ. ಬಟ್ಟಲಿನ ಅಂಚಿನಲ್ಲಿರುವ ಚಿಹ್ನೆ ಬೇಗ ಫಲಿಸುತ್ತದೆ, ಬದಿಯಲ್ಲಿರುವುದು ಸ್ವಲ್ಪ ತಡವಾಗಿ, ತಳದಲ್ಲಿರುವುದು ದೂರದ ಭವಿಷ್ಯದಲ್ಲಿ. ಇದು ಒಂದು ಅಳತೆ. ಬಟ್ಟಲಿನ ಹಿಡಿ ಪೃಚ್ಛಕನನ್ನೂ ಅವನ ಮನೆಯನ್ನೂ ಸೂಚಿಸುತ್ತದೆ. ಅಂಚು, ಬದಿ, ತಳ ಎಲ್ಲೇ ಇದ್ದರೂ ಚಿಹ್ನೆ ಹಿಡಿಗೆ ಹತ್ತಿರವಾದಷ್ಟೂ ಫಲ ಹತ್ತಿರ. ಇದು ಎರಡನೆಯ ಅಳತೆ. ಮೊದಲ ಓದಿಗೆ ಚೊಕ್ಕಟವಾಗಿಯೇ ಕಾಣುತ್ತದೆ.

ಈಗ ಆಯತಾಕಾರದ ಒಂದು ಎಲೆ ಬಿದ್ದಿದೆ ಎನ್ನೋಣ. ಪುಸ್ತಕದ ಪ್ರಕಾರ ಅದು ಕಾಗದ. ಸುತ್ತ ಚುಕ್ಕಿಗಳಿದ್ದರೆ ಕಾಗದದ ಜೊತೆ ಹಣ, ಮಬ್ಬು ಕವಿದಿದ್ದರೆ ಕೆಟ್ಟ ಸುದ್ದಿ. ಆ ಎಲೆ ಅಂಚಿನಲ್ಲಿದೆ, ಆದರೆ ಹಿಡಿಗೆ ನೇರ ಎದುರು ಬದಿಯಲ್ಲಿ. ಅಂಚು ನಾಳೆಯೇ ಎನ್ನುತ್ತದೆ, ಹಿಡಿ ಈಗಲೇ ಅಲ್ಲ ಎನ್ನುತ್ತದೆ. ಇನ್ನೊಂದು ಎಲೆ ಹಿಡಿಯ ಬುಡದಲ್ಲೇ, ಆದರೆ ತಳದಲ್ಲಿ ಕೂತಿದೆ. ಅದು ಹತ್ತಿರವೋ ದೂರವೋ? ಎರಡು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸಿದಾಗ ಯಾವುದನ್ನು ನಂಬಬೇಕೆಂದು ಪುಸ್ತಕ ಹೇಳುವುದಿಲ್ಲ. ಮೇಲಾಗಿ ಹಿಡಿಗೆ ದೂರ ಎಂದರೆ ಕಾಲದಲ್ಲಿ ದೂರವೋ, ಮನೆಯಿಂದ ದೂರವೋ? ಒಂದೇ ಹಿಡಿಗೆ ಮನೆಯ ಕೆಲಸವನ್ನೂ ಗಡಿಯಾರದ ಕೆಲಸವನ್ನೂ ವಹಿಸಿದ್ದರ ಫಲ ಇದು. ಎದುರು ಬದಿಯ ಕಾಗದ ತಡವಾಗಿ ಬರುವ ಕಾಗದವಾಗಬಹುದು, ಕೆನಡಾದಿಂದ ನಾಳೆಯೇ ಬರುವ ಕಾಗದವೂ ಆಗಬಹುದು.

ಇದು ಶಾಸ್ತ್ರದ ತೂತು ಎಂದು ಮೊದಲು ಅನಿಸುತ್ತದೆ. ಮತ್ತೆ ಮತ್ತೆ ಓದಿದರೆ ಕಲೆಯೆಂಬುದು ಇದ್ದರೆ ಇಲ್ಲೇ ಇದೆ ಅನಿಸುತ್ತದೆ. ಈ ಗಂಟು ಬಿಚ್ಚಲು ಬಟ್ಟಲಿನಲ್ಲಿ ಇನ್ನೇನೂ ಇಲ್ಲ; ಎಲೆಯಿಂದ ಕಣ್ಣು ತೆಗೆದು ಎದುರು ಕೂತವರನ್ನು ನೋಡಲೇಬೇಕು. ‘ದೂರದಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?’ ಎಂದು ಕೇಳಲೇಬೇಕು. ಕೇಳಿದ ತಕ್ಷಣ ಎದುರಿನ ಮುಖದಲ್ಲಿ ಏನೋ ಆಗುತ್ತದೆ, ಹೇಳುವವರ ಮುಂದಿನ ಮಾತು ಅದರಿಂದ ಹುಟ್ಟುತ್ತದೆ. ಮೊದಲ ಮಹಾಯುದ್ಧ ಮುಗಿದು ಹೆಚ್ಚು ದಿನವಾಗಿರದ, ಮನೆಗೊಬ್ಬರು ಹಡಗು ಹತ್ತಿದ್ದ ಆ ನಾಡಿನಲ್ಲಿ ಕಾಗದ ಎಂಬ ಒಂದು ಚಿಹ್ನೆ ಮುಟ್ಟದ ಮನೆ ಯಾವುದಿತ್ತು?

ಇಲ್ಲಿ ವಿಚಾರವಾದಿ ವಿಮರ್ಶಕರ ಜೊತೆ ನನ್ನ ಜಗಳ ಶುರುವಾಗುತ್ತದೆ. ಟೀ ಎಲೆಯ ಮಾತೆತ್ತಿದರೆ ಅವರು ತಪ್ಪದೆ ಬರ್ಟ್ರಂ ಫೋರರ್‌ನ ಪ್ರಯೋಗವನ್ನು ಮುಂದಿಡುತ್ತಾರೆ. ಆತ 1948ರಲ್ಲಿ 39 ವಿದ್ಯಾರ್ಥಿಗಳಿಗೆ, ನಿಮ್ಮ ನಿಮ್ಮ ಸ್ವಭಾವದ ವಿವರ ಎಂದು ಒಂದೇ ಬರಹವನ್ನು ಹಂಚಿದ. ಬರಹದ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದ್ದು. ವಿದ್ಯಾರ್ಥಿಗಳು ಅದರ ನಿಖರತೆಗೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಸರಿ, ಮನುಷ್ಯರು ಎಲ್ಲರಿಗೂ ಹೊಂದುವ ಮಾತನ್ನು ತಮ್ಮದೆಂದು ಒಪ್ಪುತ್ತಾರೆ. ಇದರಿಂದ ಕೇಳುವವರ ಮನಸ್ಸು ತಿಳಿಯಿತು. ಹೇಳುವವರು ಹೇಳಲು ಕಲಿತದ್ದು ಹೇಗೆ? ಫೋರರ್‌ನ ಪ್ರಯೋಗದಲ್ಲಿ ಹೇಳುವವರೇ ಇಲ್ಲ, ಹಂಚಿದ ಹಾಳೆ ಇದೆ. ನಮ್ಮ ವಿಮರ್ಶಕರು ನಿಘಂಟನ್ನು ಹೊಡೆದು ಹಾಕಿ ಕಲೆಯನ್ನೇ ಕೊಂದೆವೆಂದು ಮೀಸೆ ತಿರುವುತ್ತಾರೆ. ಹ್ಯಾರಿ ಹೊಡೆದ ಹುಲಿಯನ್ನೇ ಮತ್ತೆ ಹೊಡೆಯಲು ಅಂಕಿಅಂಶ ಬೇಕಿತ್ತೇ?

ಅವರೇ ಉದಾಹರಿಸುವ ಮನೋವಿಜ್ಞಾನಿ ರೇ ಹೈಮನ್ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಹೈಮನ್ ಹದಿಹರೆಯದಲ್ಲಿ ಜಾದೂ ಪ್ರದರ್ಶನದ ಜೊತೆಗೆ ನಾಲ್ಕು ಕಾಸು ಬರಲೆಂದು ಹಸ್ತರೇಖೆ ಓದಲು ಶುರುಮಾಡಿದ. ಮೊದಲು ನಂಬಿಕೆ ಇರಲಿಲ್ಲ. ಬಂದವರು ಹೌದು ಹೌದು ಎನ್ನುತ್ತ ಹೋದಂತೆ ಅವನಿಗೇ ಶಾಸ್ತ್ರದ ಮೇಲೆ ನಂಬಿಕೆ ಹುಟ್ಟಿತು. ಆಗ ಸ್ಟ್ಯಾನ್ಲಿ ಜ್ಯಾಕ್ಸ್ ಎಂಬ ಜಾದೂಗಾರ ಒಂದು ಸಲಹೆ ಕೊಟ್ಟ: ರೇಖೆ ಹೇಳುವುದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿ ನೋಡು. ಹೇಳಿದ, ಆ ಓದುಗಳೂ ಅಷ್ಟೇ ಚೆನ್ನಾಗಿ ಗೆದ್ದವು. ವಿಚಾರವಾದಿಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಅದರ ಮೊದಲ ಅರ್ಧ. ಕಲಿಯುವುದು ಹೇಗೆಂಬುದಕ್ಕೆ ಇಷ್ಟು ಪ್ರಾಮಾಣಿಕವಾದ ಸಾಕ್ಷ್ಯ ಇನ್ನೊಂದಿಲ್ಲ. ಎದುರಿನವರು ತಲೆಯಾಡಿಸುವುದೇ ಪಾಠ, ಅವರೇ ಪಾಠ ಹೇಳುವ ಮೇಷ್ಟ್ರು. ಶಿಷ್ಯ ಮಾತ್ರ ತನಗೆ ಕಲಿಸಿದ್ದು ಅಂಗೈಯೆಂದು, ಎಲೆಯೆಂದು ತಿಳಿದಿರುತ್ತಾನೆ. ಚಿಹ್ನೆಗಳನ್ನು ತಿರುವುಮುರುವು ಮಾಡಿದರೂ ಕೆಲಸ ಕೆಡದು ಎಂದ ಮೇಲೆ, ನಿಘಂಟಿನ ಸರಿತಪ್ಪು ಎಣಿಸುತ್ತ ಕೂರುವ ವಿಮರ್ಶೆಗೂ ಅರ್ಥವಿಲ್ಲ.

ಇದಕ್ಕಿಂತ ಬೇಸರ ಹುಟ್ಟಿಸುವವರು ನಿಘಂಟು ಬೇಡ, ನಿಮ್ಮ ಅಂತಃಸ್ಫೂರ್ತಿಯನ್ನು ನಂಬಿ, ಒಬ್ಬರೇ ಕೂತು ನಿಮ್ಮದೇ ಬಟ್ಟಲು ಓದಿಕೊಳ್ಳಿ ಎನ್ನುವ ಹೊಸ ಬೋಧಕರು. ನಿಘಂಟು ಬಿಟ್ಟದ್ದು ಸರಿ. ಅದರ ಜೊತೆಗೆ ಮೇಷ್ಟ್ರನ್ನೂ ಓಡಿಸಿದ್ದಾರೆ.

ಹೈಲ್ಯಾಂಡ್ ಸೀಯರ್‌ಗೂ ಈ ಪಾಪದಲ್ಲಿ ಪಾಲಿದೆ. ಪುಸ್ತಕದ ಕೊನೆಯ ಕಡೆ ಮಾದರಿ ಬಟ್ಟಲುಗಳ ಚಿತ್ರಗಳಿವೆ, ಮುಖ್ಯ ಚಿಹ್ನೆಗಳ ಪಟ್ಟಿ, ಕೆಳಗೆ ಫಲ. ಚಿಹ್ನೆಗಳನ್ನು ಒಂದಕ್ಕೊಂದು ಕೂಡಿಸಿ ಕಥೆ ಕಟ್ಟುವುದನ್ನು ತೋರಿಸುವುದರಿಂದ ನಿಘಂಟಿಗಿಂತ ಈ ಭಾಗ ಎಷ್ಟೋ ಮೇಲು. ಆದರೆ ಆ ಟೀ ಕುಡಿದವರು ಯಾರು? ಹೆಂಗಸೋ ಗಂಡಸೋ, ಕಾಗದಕ್ಕೆ ಕಾಯುತ್ತಿದ್ದರೋ, ಕಾಗದ ಬಾರದಿರಲೆಂದು ಹೆದರಿದ್ದರೋ? ಒಂದು ಮಾತೂ ಇಲ್ಲ. ಹಿಡಿ ಚಿತ್ರದಲ್ಲಿದೆ, ಹಿಡಿ ಯಾರನ್ನು ಸೂಚಿಸುತ್ತದೋ ಅವರಿಲ್ಲ. ಗಡಿಯಾರಗಳ ಜಗಳವೂ ಅಲ್ಲಿ ಏಳುವುದಿಲ್ಲ. ಉತ್ತರ ಮೊದಲೇ ಬರೆದಿಟ್ಟ ಲೆಕ್ಕದಂತೆ ಎಲ್ಲ ಸರಾಗವಾಗಿ ಕೂಡಿಬರುತ್ತದೆ. ಈಗ ಟರ್ಕಿಯಲ್ಲಿ ಕಾಫಿ ಚರಟದ ಫೋಟೋ ಕಳಿಸಿದರೆ ಫೋನಿಗೇ ಫಲ ಬರುವ ಆ್ಯಪ್‌ಗಳಿವೆ. ಅವು ಈ ಮಾದರಿ ಬಟ್ಟಲುಗಳ ನೇರ ವಂಶಸ್ಥರು.

ಮತ್ತೆ ಅಚ್ಚು ಹಾಕುವವರು ಆನೆ, ಒಂಟೆ, ಕಾಂಗರೂಗಳನ್ನು ಮೃಗಾಲಯಕ್ಕೆ ಕಳಿಸಿ, ಸಾಮಾನ್ಯ ನಿಯಮಗಳ ಅಧ್ಯಾಯವನ್ನು ಮುಂದಕ್ಕೆ ತರಲಿ. ಮಾದರಿಗೆ ಒಂದೇ ಬಟ್ಟಲು ಸಾಕು, ಆದರೆ ಅದನ್ನು ಓದುವಾಗ ಇಬ್ಬರ ನಡುವೆ ನಡೆದ ಮಾತನ್ನು ಪೂರ್ತಿ ಅಚ್ಚಿಸಬೇಕು. ತಪ್ಪು ಊಹೆ, ಅಲ್ಲ ಎಂದ ಉತ್ತರ, ಊಹೆ ಹಿಂತೆಗೆದು ಬೇರೆ ದಾರಿ ಹಿಡಿದ ಜಾಣತನ, ಎಲ್ಲ ಸೇರಿ. ಅಂಥ ಪುಸ್ತಕವನ್ನು ಈ ವಿದ್ಯೆಯಿಂದ ಹೊಟ್ಟೆ ಹೊರೆಯುವವರು ಯಾರೂ ಬರೆಯಲಾರರು. ವಿಚಾರವಾದಿಗಳಾದರೂ ಬರೆಯಲಿ ಎಂದರೆ ಅವರಿನ್ನೂ ಫೋರರ್‌ನ ಹಾಳೆ ಹಂಚುತ್ತಿದ್ದಾರೆ.